ಗೋಸುಂಬೆಗೆ ಊಟ ಆಯಿತೇ?

ಹನ್ನೊಂದನೆಯ ಚಪಾತಿಯನ್ನು ಕಾವಲಿಗೆ ಹಾಕಿ, ಹನ್ನೆರಡನೆಯ ಉಂಡೆಯನ್ನು ಒಣಹಿಟ್ಟಿನಲ್ಲಿ ಹೊರಳಿಸುತ್ತಿದ್ದಾಗ ಜೀರುಂಡೆಗಳು ನಿಂತವು.

ಒಂದೊಂದಾಗಿ ಅಲ್ಲ, ಅಷ್ಟೂ ಒಟ್ಟಿಗೆ. ಶ್ರೀಲತಾ ಲಟ್ಟಣಿಗೆಯನ್ನು ಕೈಯಲ್ಲಿ ಹಿಡಿದೇ ಕಿವಿಗೊಟ್ಟಳು. ಗಾಜಿನ ಕೋಣೆಯೊಳಗೆ ಯಾರಾದರೂ ಕಾಲಿಟ್ಟಾಗ ಮಾತ್ರ ಅವು ಹೀಗೆ ಸುಮ್ಮನಾಗುತ್ತವೆ ಎಂಬುದನ್ನು ಈ ಐದು ದಿನಗಳಲ್ಲಿ ಅವಳು ಕಲಿತಿದ್ದಳು. ಗಂಡ ಶಿವಬಸಪ್ಪ ಏಳೂವರೆಗೇ ಆಫೀಸಿಗೆ ಹೋಗಿದ್ದ. ಅತ್ತೆ ಚನ್ನಮ್ಮ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಲಿಂಗಪೂಜೆಗೆ ಕುಳಿತು ಹತ್ತು ನಿಮಿಷವಾಗಿತ್ತು. ಶ್ಯಾಂಟಿಲಿ ಎಂಬ ಆ ಪರದೇಶದ ಊರಿನ ಎರಡನೆಯ ಮಹಡಿಯ ಮನೆಯಲ್ಲಿ ಬೇರೆ ಕಾಲುಗಳೇ ಇರಲಿಲ್ಲ, ಪಂಜರದಲ್ಲಿದ್ದ ನಾಲ್ಕನ್ನು ಬಿಟ್ಟರೆ.

ಅವಳು ಹೋಗಿ ನೋಡುವಷ್ಟರಲ್ಲಿ ಕೋಣೆ ಖಾಲಿ. ಬಿಸಿಲಿನಂಥ ದೀಪದ ಕೆಳಗೆ, ಕೊಂಬೆಯ ಮೇಲೆ ಗೋಸುಂಬೆ ಕುಳಿತಿತ್ತು. ಅದರ ಒಂದು ಕಣ್ಣು ಮೆಲ್ಲಗೆ ತಿರುಗಿ ಶ್ರೀಲತಾಳ ಮೇಲೆ ನಿಂತಿತು. ಇನ್ನೊಂದು ಕಣ್ಣು ಎದುರಿನ ಖಾಲಿ ಕುರ್ಚಿಯನ್ನು ನೋಡುತ್ತಿತ್ತು, ಖಾಲಿ ಇಲ್ಲವೇನೋ ಎಂಬಂತೆ. ಜೀರುಂಡೆಗಳ ಡಬ್ಬಿಯ ಮುಚ್ಚಳ ಭದ್ರವಾಗಿತ್ತು. ಅವಳು ಎಣಿಸಿದಳು. ನಿನ್ನೆ ಬೆಳಿಗ್ಗೆ ಅರವತ್ತೊಂದು, ಈಗ ನಲವತ್ತೆಂಟು; ಹದಿಮೂರು ಕಡಿಮೆ. ಅದರಲ್ಲಿ ನಾಲ್ಕನ್ನು ಕದ್ದು ಕೊಟ್ಟವಳು ಅವಳೇ. ಉಳಿದ ಒಂಬತ್ತು ಎಲ್ಲಿ ಹೋದವು?

ಅಡುಗೆಮನೆಯಲ್ಲಿ ಹನ್ನೊಂದನೆಯ ಚಪಾತಿ ಇದ್ದಲಾಗಿತ್ತು.

ಇಷ್ಟಕ್ಕೆಲ್ಲ ಕಾರಣ ಶಿವಬಸಪ್ಪ ಒಂದು ಮಧ್ಯಾಹ್ನ ಮೊಸರನ್ನದ ಡಬ್ಬಿ ಮುಂದಿಟ್ಟುಕೊಂಡು ಆಡಿದ ಒಂದು ಮಾತು. ಅವನ ಮೇಲಧಿಕಾರಿ ವಿಟ್ಮರ್ ಸಾಹೇಬರು ತಾವು ಸಾಕಿದ ಗೋಸುಂಬೆಯ ಚಿತ್ರವನ್ನು ಎಲ್ಲರಿಗೂ ತೋರಿಸುತ್ತಿದ್ದರು. ಶಿವಬಸಪ್ಪ ಜೀವನದಲ್ಲಿ ಆ ಜಾತಿಯ ಪ್ರಾಣಿಯೊಡನೆ ಇಟ್ಟುಕೊಂಡಿದ್ದ ಸಂಬಂಧವೆಂದರೆ, ಚಿಕ್ಕಂದಿನಲ್ಲಿ ನಂಜನಗೂಡಿನ ಬೇಲಿಯ ಮೇಲೆ ತಲೆಯಾಡಿಸುತ್ತಿದ್ದ ಓತಿಕ್ಯಾತ ದೂರದಿಂದಲೇ ರಕ್ತ ಹೀರುತ್ತದೆಂದು ನಂಬಿ, ಅಂಗಿಯ ಗುಂಡಿ ಬಿಗಿ ಹಿಡಿದು ಓಡಿದ್ದು. ಆದರೆ ಅಂದು ಅವನಿಗೆ ಏನಾಯಿತೋ, “ನಮ್ಮ ಮನೆತನದಲ್ಲಿ ಇವನ್ನು ತಲೆಮಾರುಗಳಿಂದ ಸಾಕಿದ್ದೇವೆ” ಎಂದುಬಿಟ್ಟ. ಸಾಹೇಬರು ಅವನ ಕೈ ಹಿಡಿದು ಕುಲುಕಿದರು. ಮುಂದಿನ ವಾರ ಅವರು ಮೂರು ವಾರದ ರಜೆಗೆ ಸ್ಕಾಟ್ಲೆಂಡಿಗೆ ಹೊರಟಿದ್ದರು. ಹೊರಡುವ ದಿನ ಪಂಜರ, ದೀಪ, ಜೀರುಂಡೆಗಳ ಡಬ್ಬಿ ಎಲ್ಲವನ್ನೂ ತಂದು ಇಳಿಸಿದರು. ಎಷ್ಟು ದಿನಕ್ಕೊಮ್ಮೆ ತಿನ್ನಿಸಬೇಕೆಂದು ಹೇಳಲು ಬಾಯಿ ತೆರೆದವರು ತಾವೇ ನಕ್ಕು, “ನಿಮಗೆ ನಾನು ಹೇಳುವುದೇ!” ಎಂದು ಕಾರು ಹತ್ತಿದರು.

ಗ್ರೀನ್ ಕಾರ್ಡಿನ ಅರ್ಜಿಗೆ ಕಂಪನಿಯ ಪರವಾಗಿ ಸಹಿ ಹಾಕಬೇಕಾದವರು ಈ ವಿಟ್ಮರ್ ಸಾಹೇಬರೇ. ರಜೆಯಿಂದ ಬಂದ ಮೇಲೆ ಹಾಕುವುದಾಗಿ ಹೇಳಿದ್ದರು. ಮೈಸೂರಿನ ಕಾಲೇಜಿನಲ್ಲಿ ಒಂಬತ್ತು ವರ್ಷ ಭೌತಶಾಸ್ತ್ರ ಕಲಿಸಿದ್ದ ಶ್ರೀಲತಾಳಿಗೆ ಅವಳ ವೀಸಾದಲ್ಲಿ ಇಲ್ಲಿ ದುಡಿಯುವ ಹಕ್ಕಿರಲಿಲ್ಲ. ಹತ್ತಿರದ ಕಮ್ಯುನಿಟಿ ಕಾಲೇಜಿನವರು ಎರಡು ಸಲ ಕರೆದು, ಎರಡು ಸಲವೂ ಕಾಗದ ನೋಡಿ ಕ್ಷಮೆ ಕೇಳಿದ್ದರು. ಹೀಗಾಗಿ ೧೯೯೬ರ ಆ ಬೇಸಗೆಯಲ್ಲಿ ಶ್ರೀಲತಾಳ ಮುಂದಿನ ಬದುಕು ಒಂದು ಗೇಣುದ್ದದ ಪ್ರಾಣಿಯ ಹೊಟ್ಟೆಯಲ್ಲಿತ್ತು. ಅದು ಉಪವಾಸ ಬಿದ್ದು ಸತ್ತರೆ ಎಂಬ ಭಯಕ್ಕೆ ದಿನವೂ ಮಧ್ಯಾಹ್ನ ನಾಲ್ಕು ಹುಳ ಹಾಕುತ್ತಿದ್ದಳು. ಗಂಡನಿಗೆ ಹೇಳಿರಲಿಲ್ಲ.

ಹೇಳಲು ಅವನು ಬಿಡುವಾಗಿರಬೇಕಲ್ಲ! ಗೋಸುಂಬೆಗೆ ಎಷ್ಟು ದಿನಕ್ಕೊಮ್ಮೆ ಊಟ ಎಂಬ ಸಂಶೋಧನೆಯಲ್ಲಿ ಅವನು ಮುಳುಗಿದ್ದ. ಅಂಗಡಿಯವನು ದಿನವೂ ಎಂದ. ಜೀರುಂಡೆ ಮಾರುವವನು ಇನ್ನೇನು ಹೇಳುತ್ತಾನೆ? ಲೈಬ್ರರಿಯ ಪುಸ್ತಕ, ಮರಿಗಾದರೆ ದಿನವೂ, ಬೆಳೆದದ್ದಕ್ಕೆ ದಿನ ಬಿಟ್ಟು ದಿನ ಎಂದಿತು. ಮಾರಿಸ್‌ವಿಲ್‌ನಲ್ಲಿದ್ದ ತಮ್ಮ ಬಸಲಿಂಗಪ್ಪ ಇಂಟರ್ನೆಟ್ಟಿನಲ್ಲಿ ಕೇಳಿ ಹದಿನಾಲ್ಕು ಪುಟ ಪ್ರಿಂಟ್ ತೆಗೆದು ಫ್ಯಾಕ್ಸ್ ಮಾಡಿದ. ಅದರಲ್ಲಿ ಮೊದಲ ಎರಡು ಪುಟ ಗೋಸುಂಬೆಯ ಊಟ, ಉಳಿದ ಹನ್ನೆರಡು ಪುಟ ಉತ್ತರ ಕೊಟ್ಟವರು ಒಬ್ಬರನ್ನೊಬ್ಬರು ಬೈದದ್ದು. ಕೊನೆಗೆ ಶಿವಬಸಪ್ಪ ಪುಸ್ತಕವನ್ನೇ ನಂಬಿ, ‘ದಿನ ಬಿಟ್ಟು ದಿನ, ಆರು’ ಎಂದು ಬರೆದು ಫ್ರಿಜ್ಜಿಗೆ ಅಂಟಿಸಿದ.

ಚನ್ನಮ್ಮ ಮೊದಲ ದಿನವೇ ಸಿಡಿದಿದ್ದರು. ಹುಳಗಳಿಗಿಂತ ಅವರಿಗೆ ಅಸಹ್ಯವಾದದ್ದು ಹುಳ ಅಡಗಿಕೊಳ್ಳಲೆಂದು ಡಬ್ಬಿಯೊಳಗೆ ಇಟ್ಟಿದ್ದ ಮೊಟ್ಟೆಯ ರಟ್ಟು.

“ಲಿಂಗ ಕಟ್ಕೊಂಡಿರೋ ಮನೇಲಿ ಮೊಟ್ಟೆ ರಟ್ಟೇನೋ ಶಿವು?”

“ಅವ್ವಾ, ಮೊಟ್ಟೆ ಇಲ್ಲ, ಬರೀ ರಟ್ಟು.”

“ಹುಳ ಹಿಡಿಯಕ್ಕೆ ನನ್ನ ಇಕ್ಕಳ ತಗೊಂಡ್ಯಲ್ಲ, ಅದೂ ಬರೀ ಇಕ್ಕಳ. ಇನ್ನು ಅದು ಅಡುಗೆಮನೆ ಹೊಸಿಲು ದಾಟಕೂಡದು.”

ಆ ಅಪಾರ್ಟ್‌ಮೆಂಟಿನ ಅಡುಗೆಮನೆಗೆ ಹೊಸಿಲೇ ಇರಲಿಲ್ಲ. ಆದರೂ ಇಕ್ಕಳ ದಾಟಲಿಲ್ಲ.

ನಾಲ್ಕನೆಯ ದಿನದಿಂದ ಚನ್ನಮ್ಮ ಬೈಯುವುದನ್ನು ಬಿಟ್ಟರು. ಅದು ಶ್ರೀಲತಾಳಿಗೆ ಬೈಗುಳಕ್ಕಿಂತ ವಿಚಿತ್ರವಾಗಿ ಕಂಡಿತು. ಊಟಕ್ಕೆ ಕೂರುವಾಗ ಅತ್ತೆ ಒಮ್ಮೆ ಗಾಜಿನ ಕೋಣೆಯತ್ತ ನೋಡಿ, “ಅಲ್ಲಿ ಊಟ ಆಯ್ತಾ?” ಎಂದು ಕೇಳತೊಡಗಿದರು. ಆಗಿದೆ ಎಂದರೆ ಮಾತ್ರ ತುತ್ತು ಎತ್ತುವರು. ಒಂದು ದಿನ, “ಅವರ ದೀಪ ಆರಿಸಬೇಡ, ಚಳಿ ಆಗ್ತದೆ” ಎಂದರು. ಓತಿಕ್ಯಾತ ಎಂದು ಒಳಬಂದ ಪ್ರಾಣಿ ‘ಅವರು’ ಆದದ್ದು ಯಾವಾಗ ಎಂದು ಕೇಳಲು ಶ್ರೀಲತಾಳಿಗೆ ಧೈರ್ಯ ಬರಲಿಲ್ಲ.

ಜೀರುಂಡೆಗಳು ಕಾಣೆಯಾಗುವುದು ಹೆಚ್ಚಿತು. ಶಿವಬಸಪ್ಪ ದಿನವೂ ಸಂಜೆ ಡಬ್ಬಿಯನ್ನು ಬೆಳಕಿಗೆ ಹಿಡಿದು ಎಣಿಸುತ್ತಿದ್ದ.

“ನೀನು ಕೊಟ್ಯಾ?”

“ಇಲ್ಲ. ನೀವು?”

“ನಾನ್ಯಾಕೆ ಕೊಡ್ಲಿ? ಚೀಟಿ ಇಲ್ವಾ?” ಎಂದು ಅವನು ಹೇಳುವಾಗ ಬೆವರಿದ್ದ. “ಅವ್ವಾ, ನೀನೇನಾದ್ರೂ...”

“ಥೂ! ಆ ಹುಳಾನ ನಾನು ಮುಟ್ತೀನಾ?”

ಮುಚ್ಚಿದ ಡಬ್ಬಿಯಿಂದ ಹುಳಗಳು ಹೋಗುತ್ತಿದ್ದವು, ಯಾರೂ ಕೊಡುತ್ತಿರಲಿಲ್ಲ, ಗೋಸುಂಬೆ ದಪ್ಪವಾಗುತ್ತಿತ್ತು. ಶಿವಬಸಪ್ಪ ಫೋನಿನಲ್ಲಿ ಹೇಳಿದ್ದನ್ನು ಕೇಳಿ ಬಸಲಿಂಗಪ್ಪ ಐದು ಗಂಟೆ ಹೊತ್ತು ಕಾರು ಓಡಿಸಿಕೊಂಡು ಶನಿವಾರ ಬೆಳಿಗ್ಗೆಯೇ ಬಂದ. ಹೆಗಲ ಮೇಲೆ ಪೆಟ್ಟಿಗೆಯಷ್ಟು ದೊಡ್ಡ ವಿಡಿಯೋ ಕ್ಯಾಮೆರಾ.

“ಅತ್ತಿಗೆ, ಇದೆಲ್ಲ ಸಿಂಪಲ್ ಪ್ರಾಬ್ಲಮ್. ಎಲ್ಲೋ ತೂತಿದೆ. ಅಣ್ಣ ಪ್ಯಾನಿಕ್ ಮಾಡ್ಕೊಂಡಿದಾನೆ,” ಎಂದು ಗಾಜಿನ ಕೋಣೆಗೆ ಹೋಗಿ, ಕಿಟಕಿ ತೆರೆದು ಸಿಗರೇಟು ಹಚ್ಚಿದ.

ಗೋಸುಂಬೆ ಒಂದು ಕಣ್ಣನ್ನು ಅವನತ್ತ ತಿರುಗಿಸಿತು. ಹಸಿರಾಗಿದ್ದ ಮೈ ಕತ್ತಿನಿಂದ ಆರಂಭಿಸಿ ನಿಧಾನಕ್ಕೆ ಕಂದಾಯಿತು, ಆಮೇಲೆ ಕೆಂಗಂದು. ಮುಂದಿನ ಕೈಯೊಂದನ್ನು ಎತ್ತಿ ಗಾಳಿಯಲ್ಲಿ ಹಿಡಿದುಕೊಂಡಿತು, ಮೆಟ್ಟಿಲು ಇಳಿಯಲು ಆಸರೆ ಹುಡುಕುವ ಮುದುಕರ ಹಾಗೆ.

ಮೂವತ್ತೇಳು ವರ್ಷದ ಬಸಲಿಂಗಪ್ಪ ಸಿಗರೇಟನ್ನು ಬೆನ್ನ ಹಿಂದೆ ಅಡಗಿಸಿದ.

“ಅಣ್ಣಾ,” ಅವನ ದನಿ ಹುಡುಗನದಾಗಿತ್ತು. “ಅಪ್ಪನ ಶಾಲು ಇದೇ ಬಣ್ಣ ಅಲ್ವೇನೋ?”

“ಬಾಯಿ ಮುಚ್ಚೋ,” ಎಂದ ಶಿವಬಸಪ್ಪ. ಆದರೂ ಅವನು ಪಂಚೆ ಇಳಿಬಿಟ್ಟು ನೆಟ್ಟಗೆ ನಿಂತಿದ್ದ. ನಾಲ್ಕು ವರ್ಷದ ಹಿಂದೆ ಮೈಸೂರಿನಲ್ಲಿ ತೀರಿಕೊಂಡಿದ್ದ ಕರಬಸಪ್ಪನವರ ಎದುರು ಇಬ್ಬರು ಮಕ್ಕಳೂ ಹೀಗೇ ನಿಲ್ಲುತ್ತಿದ್ದರು. ಹಿಂದೆ ಬಾಗಿಲಲ್ಲಿ ಚನ್ನಮ್ಮ ಸೆರಗು ತಲೆಗೆಳೆದುಕೊಂಡು ನಿಂತಿದ್ದರು. ಅವರು ಮಾತ್ರ ಬೆರಗಾಗಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಬಸಲಿಂಗಪ್ಪ ಯಾರಿಗೂ ಹೇಳದೆ ಕ್ಯಾಮೆರಾವನ್ನು ಗಾಜಿನ ಕೋಣೆಯಲ್ಲಿ ಒಣಗಲು ಹಾಕಿದ್ದ ಬಟ್ಟೆಗಳ ನಡುವೆ ಇಟ್ಟು ಗುಂಡಿ ಒತ್ತಿದ. ಎರಡು ಗಂಟೆಯ ನಂತರ ಟೇಪನ್ನು ತೆಗೆದು ಗುಟ್ಟಾಗಿ ಶ್ರೀಲತಾಳ ಕೈಗಿತ್ತ.

“ನಾನೂ ಅಣ್ಣನೂ ಇಂಡಿಯನ್ ಸ್ಟೋರಿಗೆ ಹೋಗಿ ಬರ್ತೀವಿ. ಅಷ್ಟರಲ್ಲಿ ಇದನ್ನ ನೋಡಿಡಿ.”

“ನೀವೇ ನೋಡಬಹುದಲ್ಲ?”

“ಅಪ್ಪ ಕಂಡ್ಬಿಟ್ರೆ ಏನ್ಮಾಡ್ಲಿ ಅತ್ತಿಗೆ? ಸಿಗರೇಟು ವಿಷಯ ಅವರಿಗೆ ಕೊನೇವರೆಗೂ ಗೊತ್ತಿರಲಿಲ್ಲ.”

ಅತ್ತೆ ಊಟ ಮುಗಿಸಿ ಮಲಗಿದ್ದರು. ಶ್ರೀಲತಾ ಟಿವಿಯ ಸದ್ದು ತಗ್ಗಿಸಿ ಟೇಪು ಹಾಕಿ ಕುಳಿತಳು. ಮೊದಲು ಬಹಳ ಹೊತ್ತು ಏನೂ ಇಲ್ಲ. ಜೀರುಂಡೆಗಳ ಸದ್ದು, ಅಲುಗದ ಕೊಂಬೆ, ಅಲುಗದ ಪ್ರಾಣಿ, ಒಂದು ಕುರ್ಚಿ. ಇದ್ದಕ್ಕಿದ್ದಂತೆ ಜೀರುಂಡೆಗಳು ನಿಂತವು. ಕೈಯಲ್ಲಿ ಹೂಕುಂಡಕ್ಕೆ ನೀರು ಹಾಕುವ ಚೊಂಬು ಹಿಡಿದು ಶಿವಬಸಪ್ಪ ತುದಿಗಾಲಲ್ಲಿ ಬಂದ. ಹಿಂದೆ ಮುಂದೆ ನೋಡಿ, ಬಹಿಷ್ಕೃತ ಇಕ್ಕಳದಿಂದ ಐದು ಹುಳ ತೆಗೆದು ಪಂಜರಕ್ಕೆ ಹಾಕಿ, “ಸಾರ್, ಪ್ಲೀಸ್ ಈಟ್,” ಎಂದು ಪಿಸುಗುಟ್ಟಿ ಹೋದ. ಶ್ರೀಲತಾಳಿಗೆ ನಗು ತಡೆಯಲಾಗಲಿಲ್ಲ.

ಆ ನಗು ಮುಗಿಯುವ ಮುಂಚೆಯೇ ಮತ್ತೊಬ್ಬರು ಬಂದರು. ಬಾಗಿದ ಬೆನ್ನಿನ, ಮಾಸಿದ ಸೀರೆಯ ಹೆಂಗಸು. ಕಳ್ಳಿಯ ಹಾಗೆ ಡಬ್ಬಿ ತೆರೆದು ನಾಲ್ಕು ಹುಳ ಹಾಕಿ, ಅದು ತಿನ್ನುವುದನ್ನು ಬಾಯಿ ತೆರೆದು ನೋಡುತ್ತ ನಿಂತಳು. ಅದು ತಾನೇ ಎಂದು ತಿಳಿಯಲು ಶ್ರೀಲತಾಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ತನ್ನ ಬೆನ್ನನ್ನು ಅವಳು ಈವರೆಗೆ ನೋಡಿರಲಿಲ್ಲ. ಈಗ ಅವಳಿಗೆ ನಗು ಬರಲಿಲ್ಲ.

ಮೂರನೆಯ ಸಲ ಜೀರುಂಡೆಗಳು ನಿಂತಾಗ ಬಾಗಿಲಲ್ಲಿ ಯಾರೂ ಬರಲಿಲ್ಲ. ಚಿತ್ರದ ಎಡಮೂಲೆಯಲ್ಲಿ ಪೇರಿಸಿಟ್ಟ ಸೂಟ್‌ಕೇಸುಗಳು ತಾವಾಗಿಯೇ ಸರಿದವು. ಅವುಗಳ ಹಿಂದೆ ಅತ್ತೆಯ ಕೋಣೆಯಿಂದ ಬರುವ ಇನ್ನೊಂದು ಬಾಗಿಲಿತ್ತು. ಮನೆಗೆ ಬಂದ ದಿನ ಮುಚ್ಚಿದ್ದನ್ನು ಎಲ್ಲರೂ ಮರೆತಿದ್ದರು. ಚನ್ನಮ್ಮ ಒಳಬಂದು ಖಾಲಿ ಕುರ್ಚಿಯಲ್ಲಿ ಕುಳಿತು, ಸೊಂಟದಿಂದ ಪ್ಲಾಸ್ಟಿಕ್ ಚಮಚ ತೆಗೆದರು. ಒಂದೊಂದೇ ಹುಳವನ್ನು ಮಗುವಿಗೆ ತುತ್ತಿಡುವಂತೆ ಪಂಜರದೊಳಗೆ ಇಟ್ಟರು.

“ತಿನ್ನಿ. ಯಾರೂ ಇಲ್ಲ. ಅವತ್ತು ಆ ಡಾಕ್ಟ್ರು ಬರೆದ ಚೀಟಿ ಹಿಡ್ಕೊಂಡು ಕೂತೆ. ಒಂದೇ ಒಂದು ಹೋಳಿಗೆ ಕೇಳಿದ್ರಿ, ಕೊಡಲಿಲ್ಲ. ಹಸ್ಕೊಂಡೇ ಹೋದ್ರಿ. ಇಲ್ಲೂ ಫ್ರಿಜ್ಜಿಗೆ ಒಂದು ಚೀಟಿ ಅಂಟಿಸಿದಾನೆ ನಿಮ್ಮ ಮಗ. ಅವನ ಚೀಟಿಗೆ ಬೆಂಕಿ ಹಾಕ.” ಚಮಚ ಎತ್ತಿ ಹಿಡಿದು, “ಸಾಕಾ? ಇನ್ನೊಂದು?” ಎಂದರು.

ಗೋಸುಂಬೆ ಒಂದು ಕೈ ಎತ್ತಿ ಗಾಳಿಯಲ್ಲಿ ಹಿಡಿದುಕೊಂಡಿತು. ಚನ್ನಮ್ಮ ಇನ್ನೊಂದು ಇಟ್ಟರು.

ಶ್ರೀಲತಾ ಟೇಪನ್ನು ಮೊದಲಿಗೆ ಸುತ್ತಿ, ಹವಾಮಾನದ ಚಾನೆಲ್ ಹಾಕಿ, ರೆಕಾರ್ಡ್ ಗುಂಡಿ ಒತ್ತಿದಳು. ಅಣ್ಣತಮ್ಮಂದಿರು ಮರಳಿ ಬಂದಾಗ ಟೇಪಿನ ತುಂಬ ಮೇರಿಲ್ಯಾಂಡಿನ ಗುಡುಗು ಮಿಂಚಿತ್ತು.

“ಅತ್ತಿಗೆ! ಪ್ಲೇ ಒತ್ತೋ ಬದಲು ರೆಕಾರ್ಡ್ ಒತ್ಬಿಟ್ರಾ!”

“ಗೊತ್ತಾಗಲಿಲ್ಲ,” ಎಂದು ಭೌತಶಾಸ್ತ್ರದ ಅಧ್ಯಾಪಕಿ ತಲೆ ತಗ್ಗಿಸಿದಳು. ಇಬ್ಬರೂ ತಕ್ಷಣ ನಂಬಿದರು.

“ಹೋಗ್ಲಿ ಬಿಡೋ,” ಎಂದ ಶಿವಬಸಪ್ಪ. ಅಷ್ಟೊಂದು ಉದಾರನಾಗಿ ಅವನು ಯಾವತ್ತೂ ಕಂಡಿರಲಿಲ್ಲ.

ಸೋಮವಾರ ಹಗಲು ಹತ್ತಕ್ಕೆ ಗೋಸುಂಬೆ ಎರಡೂ ಕಣ್ಣು ಮುಚ್ಚಿಕೊಂಡಿತ್ತು. ಮೈ ಸೌದೆಯಿದ್ದಲಿನಷ್ಟು ಕಪ್ಪು. ಅಲ್ಲಾಡಿಸಿದರೂ ಅಲುಗಲಿಲ್ಲ. ಶ್ರೀಲತಾ ಕೆಳಮನೆಯ ಕನೀಜ್‌ಳನ್ನು ಕರೆದಳು. ಮೈಸೂರಿನ ಮಂಡಿ ಮೊಹಲ್ಲಾದವಳಾದ ಕನೀಜ್‌ಗೆ ಕಾರಿತ್ತು, ಧೈರ್ಯವಿತ್ತು, ಎರಡನ್ನೂ ಕೇಳಿದವರಿಗೆ ಕೊಡುತ್ತಿದ್ದಳು.

“ಏನ್ರೀ ಶ್ರೀಲತಾ, ಇದು ಸತ್ತಿದೆಯೋ ಕೋಪ ಮಾಡ್ಕೊಂಡಿದೆಯೋ?” ಎಂದು ಪಂಜರಕ್ಕೆ ಸೀಟುಬೆಲ್ಟ್ ಬಿಗಿದಳು.

ಪ್ರಾಣಿಗಳ ಡಾಕ್ಟರು ಬಿಳಿಗಡ್ಡದ ಮುದುಕ. ಗೋಸುಂಬೆಯ ಹೊಟ್ಟೆಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿ, “ಇದಕ್ಕೆ ಎಷ್ಟು ದಿನಕ್ಕೊಮ್ಮೆ ತಿನ್ನಿಸುತ್ತೀರಿ?” ಎಂದು ಕೇಳಿದ.

ಶ್ರೀಲತಾ ಮನಸ್ಸಿನಲ್ಲೇ ಕೂಡಿದಳು. ಬೆಳಿಗ್ಗೆ ಗಂಡ, ಮಧ್ಯಾಹ್ನ ತಾನು, ಪೂಜೆಯ ಹೊತ್ತಿನಲ್ಲೂ ಸಂಜೆಯಲ್ಲೂ ಅತ್ತೆ. ಮೇಲಿಂದ ಚೀಟಿಯ ಪ್ರಕಾರ ದಿನ ಬಿಟ್ಟು ದಿನ ಆರು.

“ದಿನಕ್ಕೆ ನಾಲ್ಕು ಸಲ. ಕೆಲವು ದಿನ ಐದು.”

ಡಾಕ್ಟರು ಕನ್ನಡಕ ತೆಗೆದ.

“ನಮ್ಮ ಕಡೆ ಮನೆಗೆ ಬಂದವರಿಗೆ ಹಾಗೇ ಡಾಕ್ಟರ್,” ಎಂದಳು ಕನೀಜ್ ಇಂಗ್ಲಿಷಿನಲ್ಲಿ. “ನಾನೂ ಇವರ ಮನೆಗೆ ಬರೋ ಮುಂಚೆ ಐದು ಕೇಜಿ ಕಡಿಮೆ ಇದ್ದೆ.”

ಅವನು ನಗಲಿಲ್ಲ. ಬೆಳೆದ ಗೋಸುಂಬೆಗೆ ದಿನ ಬಿಟ್ಟು ದಿನ ನಾಲ್ಕೈದು ಹುಳ ಧಾರಾಳ, ತಿಂದದ್ದು ಇದರ ಹೊಟ್ಟೆಯೊಳಗೇ ಕೊಳೆಯಲು ಶುರುವಾಗಿದೆ, ಹತ್ತು ದಿನ ನೀರಿನ ತುಂತುರು ಬಿಟ್ಟು ಬೇರೇನೂ ಕೂಡದು, ಒಂದು ಹುಳ ಒಳಗೆ ಹೋದರೂ ತಾನು ಜವಾಬ್ದಾರನಲ್ಲ ಎಂದ. ವಿಟ್ಮರ್ ಸಾಹೇಬರು ಬರಲು ಇನ್ನು ಹತ್ತೇ ದಿನವಿತ್ತು.

ಗಂಡನನ್ನು ನಿಲ್ಲಿಸುವುದು ಸುಲಭವಾಯಿತು. “ಹತ್ತು ದಿನ ಏನೂ ಕೊಡಬಾರದಂತೆ. ಕೊಟ್ರೆ ಸಾಯ್ತದಂತೆ,” ಎಂದಳು.

“ನಾನೆಲ್ಲಿ ಕೊಡ್ತೀನಿ?” ಎಂದ ಅವನು, ಮುಖ ಕೆಂಪಗಾಗಿ. ಅಂದಿನಿಂದ ಗಾಜಿನ ಕೋಣೆಯ ಹೂಗಿಡಗಳೂ ನೀರಿಲ್ಲದೆ ಒಣಗಿದವು.

ಅತ್ತೆಗೂ ಹೇಳಿದಳು. ಚನ್ನಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಫ್ರೀಜರಿನಿಂದ ತೆಗೆದ ಕಾಯಿ, ಕೈ ಮರಗಟ್ಟಿತ್ತು.

“ಡಾಕ್ಟ್ರು ಹೇಳಿದ್ರಾ?”

“ಹೌದು ಅತ್ತೆ.”

“ಡಾಕ್ಟ್ರ ಮಾತು ನಾನು ಒಂದು ಸಲ ಕೇಳಿದೀನಿ ಲತಾ. ಸಾಕು.”

ಆಮೇಲೆ ಅವರು ತಲೆಯೆತ್ತಲಿಲ್ಲ. ಶ್ರೀಲತಾ ಟೇಪಿನ ಮಾತು ಎತ್ತಬಹುದಿತ್ತು. ಅತ್ತೆಯ ಬೆರಳುಗಳು ಕಾಳನ್ನು ಹುಡುಕುತ್ತ ತಡವರಿಸುವುದನ್ನು ನೋಡಿ, ತಾನೂ ಒಂದು ಹಿಡಿ ಕಾಯಿ ತೆಗೆದುಕೊಂಡು ಸುಲಿಯತೊಡಗಿದಳು.

ಮರುದಿನ ಬೆಳಿಗ್ಗೆ ಜೀರುಂಡೆಗಳು ಹಠಾತ್ತನೆ ನಿಂತಾಗ ಅವಳು ಒಲೆ ಆರಿಸಿ ಬಾಗಿಲ ಹಿಂದೆ ಕಾದಳು. ಸೂಟ್‌ಕೇಸು ಸರಿಯಿತು, ಪಿಸುಮಾತು ಕೇಳಿತು, ಸೂಟ್‌ಕೇಸು ಮತ್ತೆ ಸರಿಯಿತು. ತಕ್ಷಣ ಒಳಹೊಕ್ಕು ಪಂಜರಕ್ಕೆ ಕೈ ಹಾಕಿದಳು. ಇಕ್ಕಳದಲ್ಲಿ ಹಿಡಿದರೆ ತಪ್ಪಿಸಿಕೊಳ್ಳುತ್ತಿದ್ದವು, ಬರಿಗೈಯಲ್ಲೇ ಹಿಡಿದಳು. ಮುಷ್ಟಿಯೊಳಗೆ ಅವು ಕಚಗುಳಿಯಿಟ್ಟವು. ಇರುವೆಯನ್ನೂ ತುಳಿಯದೆ ಬೆಳೆದವಳು ಆರು ಜೀರುಂಡೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಮೆಟ್ಟಿಲಿಳಿದು, ಕಟ್ಟಡದ ಹಿಂದಿನ ಹುಲ್ಲಿನಲ್ಲಿ ಬಿಟ್ಟಳು. ಗೋಸುಂಬೆ ಕಣ್ಣು ತೆರೆಯಲೂ ಇಲ್ಲ.

ಎರಡು ಹೊತ್ತೂ ಹೀಗೆ. ಹೊಸ ಹುಳ ತರಲು ಕನೀಜ್ ಅವಳನ್ನು ಎರಡು ಸಲ ಅಂಗಡಿಗೆ ಕರೆದೊಯ್ದಳು. “ಡಾಕ್ಟರ್ ಬೇಡ ಅಂದ್ರೂ ಕೊಂಡ್ಕೋತೀರಲ್ರೀ, ಯಾರು ತಿಂತಾರೆ ಇದನ್ನ?” ಎಂದು ಕೇಳಿ, ಶ್ರೀಲತಾಳ ಮುಖ ನೋಡಿ, ಇನ್ನು ಕೇಳಲಿಲ್ಲ. ಏಳನೆಯ ದಿನಕ್ಕೆ ಕಟ್ಟಡದ ಹಿಂದೆಲ್ಲ ಜೀರುಂಡೆಗಳ ಸದ್ದು. ಮೂರನೆಯ ಮಹಡಿಯವರು ದೂರು ಕೊಟ್ಟು, ಬಾಡಿಗೆ ಆಫೀಸಿನ ಹೆಂಗಸು ಕಾಗದ ಸಿಕ್ಕಿಸಿದ ಹಲಗೆ ಹಿಡಿದು ಬಂದಳು.

“ನಿಮ್ಮಲ್ಲಿ ಸಾಕುಪ್ರಾಣಿ ಏನಾದರೂ ಇದೆಯೇ?”

“ಸಾಕುಪ್ರಾಣಿ ಇಲ್ಲ ಮ್ಯಾಡಮ್,” ಎಂದ ಶಿವಬಸಪ್ಪ ಬಾಗಿಲಿಗೆ ಅಡ್ಡ ನಿಂತು. “ಬಾಸ್ ಮಾತ್ರ.”

ಒಳಗೆ ಕೋಣೆಯಿಂದ ಚನ್ನಮ್ಮನವರ ದನಿ ತೇಲಿಬಂತು. ಯಾರೊಂದಿಗೋ ಸಾವಕಾಶವಾಗಿ, ಗೌರವದಿಂದ, ಮನೆಯ ಸಮಾಚಾರ ಮಾತಾಡುತ್ತಿದ್ದರು. ನಡುನಡುವೆ ಉತ್ತರಕ್ಕೆ ಬಿಡುವು ಕೊಡುತ್ತಿದ್ದರು. ಹೆಂಗಸು ಕನ್ನಡವರಿಯದಿದ್ದರೂ ಆ ಬಿಡುವು ಅವಳಿಗೆ ಅರ್ಥವಾಯಿತು. ಏನನ್ನೂ ಬರೆದುಕೊಳ್ಳದೆ ಹೊರಟುಹೋದಳು.

ಎಂಟನೆಯ ದಿನ ಒಂದು ಕಣ್ಣು ತೆರೆಯಿತು. ಒಂಬತ್ತನೆಯ ದಿನ ಇನ್ನೊಂದು. ಹತ್ತನೆಯ ದಿನ, ಗುರುವಾರ ಸಂಜೆ, ವಿಟ್ಮರ್ ಸಾಹೇಬರು ಬಂದಾಗ ಗೋಸುಂಬೆ ಎಳೆಯ ಬಾಳೆಯೆಲೆಯ ಹಸಿರಾಗಿ ಕೊಂಬೆ ಹತ್ತುತ್ತಿತ್ತು.

“ನಾನು ಬಿಟ್ಟುಹೋದಾಗ ಇಷ್ಟು ಚೆನ್ನಾಗಿರಲಿಲ್ಲ!” ಎಂದು ಸಾಹೇಬರು ಕೂಗಿದರು. “ಎಷ್ಟು ದಿನಕ್ಕೊಮ್ಮೆ ಕೊಟ್ಟಿರಿ?”

ಶಿವಬಸಪ್ಪ ಗಂಟಲು ಸರಿಮಾಡಿಕೊಂಡ. “ದಿನ ಬಿಟ್ಟು ದಿನ. ನಮ್ಮ ಅಜ್ಜನ ಕಾಲದಿಂದ ಅದೇ ಪದ್ಧತಿ.”

“ಸೋಮವಾರ ನಿಮ್ಮ ಕಾಗದಗಳನ್ನು ತನ್ನಿ, ಸಹಿ ಹಾಕುತ್ತೇನೆ,” ಎಂದರು ಸಾಹೇಬರು. ಪಂಜರ ಎತ್ತುವಾಗ ಚನ್ನಮ್ಮ ಮುಂದೆ ಬಂದು ಅದಕ್ಕೆ ಕೈಮುಗಿದರು. ತಲೆಮಾರುಗಳ ಪದ್ಧತಿ ಇರಬೇಕೆಂದು ಸಾಹೇಬರೂ ಪಂಜರವನ್ನು ಕೆಳಗಿಟ್ಟು, ತಮ್ಮ ಗೋಸುಂಬೆಗೆ ತಾವೇ ಕೈಮುಗಿದು, ಜೀರುಂಡೆಗಳ ಡಬ್ಬಿಯ ಸಮೇತ ಮತ್ತೆ ಎತ್ತಿಕೊಂಡು ಹೋದರು. ಶಿವಬಸಪ್ಪ ಅವರನ್ನು ಕಾರಿನವರೆಗೆ ಬಿಡಲು ಇಳಿದ.

ಗಾಜಿನ ಕೋಣೆ ನಿಶ್ಶಬ್ದವಾಗಿತ್ತು. ಚನ್ನಮ್ಮ ಕೈ ತೊಳೆದು ಊಟಕ್ಕೆ ಕುಳಿತರು. ಮೊದಲ ಚಪಾತಿ ಮುಗಿಸಿ, ಎಷ್ಟೋ ದಿನದ ಮೇಲೆ ಇನ್ನೊಂದು ಕೇಳಿದರು.

“ಲತಾ, ಯಾರಿಗೂ ಹೇಳಬೇಡ. ನಿಮ್ಮ ಮಾವ ಅವತ್ತು ಹಸ್ಕೊಂಡು ಹೋದ್ರು. ಇವತ್ತು ಹೊಟ್ಟೆ ತುಂಬಿಸ್ಕೊಂಡು ಹೋದ್ರು. ಇನ್ನು ನನಗೆ ನಿದ್ದೆ ಬರ್ತದೆ.”

ಶ್ರೀಲತಾ ಚಪಾತಿಯನ್ನು ಕೈಯಲ್ಲಿ ಹಿಡಿದು ನಿಂತಳು. ಇವತ್ತು ಹೋದದ್ದು ಹತ್ತು ದಿನದಿಂದ ಒಂದು ಹುಳವನ್ನೂ ನುಂಗಿರಲಿಲ್ಲ. ಅವತ್ತು ಹೋದವರು ಹಸಿದಿರಲಿಲ್ಲ. ಆ ಕೊನೆಯ ತಿಂಗಳು ಅತ್ತೆ ಮಠಕ್ಕೆ ಹೋದಾಗಲೆಲ್ಲ ಮಾವನಿಗೆ ತುಪ್ಪ ಸವರಿದ ಹೋಳಿಗೆಯನ್ನು ಬಿಸಿಮಾಡಿ ಕೊಟ್ಟವಳು ಅವಳೇ. ಅವರು ಬೆರಳಿನ ತುಪ್ಪವನ್ನು ಹಾಸಿಗೆಯ ಅಡಿಗೆ ಒರೆಸಿಕೊಂಡು, ಸುಮ್ಮನಿರು ಎಂದು ಕಣ್ಣಲ್ಲೇ ಹೇಳುತ್ತಿದ್ದರು. ಸಕ್ಕರೆ ಯಾಕೆ ಇಳಿಯುತ್ತಿಲ್ಲವೆಂದು ಡಾಕ್ಟರು ಎರಡು ಸಲ ಮಾತ್ರೆ ಬದಲಿಸಿದ್ದರು. ನಾಲ್ಕು ವರ್ಷದಿಂದ, ಯಾವತ್ತಾದರೂ ಹೇಳಬೇಕು ಎಂದು ಅವಳು ಇಟ್ಟುಕೊಂಡಿದ್ದ ಮಾತು ಅದು.

ಒಂದನ್ನೂ ಹೇಳುವುದಿಲ್ಲ, ಯಾವತ್ತೂ ಹೇಳುವುದಿಲ್ಲ ಎಂದು ಅಲ್ಲಿ ನಿಂತಲ್ಲೇ ತೀರ್ಮಾನಿಸಿದಳು. ಚಪಾತಿಯನ್ನು ಅತ್ತೆಯ ತಟ್ಟೆಗೆ ಹಾಕಿ ತುಪ್ಪದ ಬಟ್ಟಲನ್ನು ಹತ್ತಿರಕ್ಕೆ ಸರಿಸಿದಳು.

“ನಿಧಾನಕ್ಕೆ ಊಟ ಮಾಡಿ ಅತ್ತೆ,” ಎಂದಳು.